ಎರಡು ಸುಳಿಯ ಕುದುರೆ

ಕಿಜಿಲ್-ದೊಬೊ ಊರಿನವರಿಗೆ ಕಾಲಿಚಾಳ ಕಣ್ಣಿನ ಮೇಲಿದ್ದಷ್ಟು ನಂಬಿಕೆ ಮುಲ್ಲಾನ ಮಾತಿನ ಮೇಲೂ ಇರಲಿಲ್ಲ. ಮುಲ್ಲಾನೇ ತನ್ನ ಟಗರು ಕಳೆದುಹೋದಾಗ ದೇವರನ್ನು ಕೇಳುವ ಮೊದಲು ಅವಳ ಬಾಗಿಲು ತಟ್ಟಿದ್ದ. ಅಂಥ ಹೆಂಗಸು ತನ್ನ ಕಣ್ಣನ್ನು ತಾನೇ ಶಪಿಸಿಕೊಳ್ಳುವ ದಿನ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಬಂತು. ಬಂದಾಗ ಅವಳಿಗೆ ಅರವತ್ತು ದಾಟಿತ್ತು.

ಹದಿನೇಳನೆಯ ವಯಸ್ಸಿಗೆ ಅವಳು ಸಾಮೂಹಿಕ ಫಾರಂನ ಕುರಿ ಕೊಟ್ಟಿಗೆಗೆ ಕೆಲಸಕ್ಕೆ ಸೇರಿದ್ದಳು. ಮಾರ್ಚ್ ತಿಂಗಳಲ್ಲಿ ದಿನಕ್ಕೆ ಮೂವತ್ತು ನಲವತ್ತು ಕುರಿಗಳು ಈಯುತ್ತಿದ್ದವು. ಯಾವ ಮರಿ ಯಾವ ತಾಯಿಯದೆಂದು ತಪ್ಪದಂತೆ ಹುಡುಗಿಯರು ಎರಡರ ಪಕ್ಕೆಗೂ ಬಣ್ಣದಲ್ಲಿ ಒಂದೇ ಅಂಕಿ ಬರೆಯುತ್ತಿದ್ದರು. ಒಂದು ವರ್ಷ ಕೊಟ್ಟಿಗೆಯ ಮಾಡು ಕುಸಿದು, ಕರಗಿದ ಹಿಮವೆಲ್ಲ ಒಳಗೆ ಸುರಿದು, ಬರೆದ ಅಂಕಿಗಳೆಲ್ಲ ತೊಳೆದುಹೋದವು. ಇನ್ನೂರು ಮರಿಗಳು ಒಂದೇ ಸಮನೆ ಅರಚುತ್ತಿದ್ದವು. ಮೇಲ್ವಿಚಾರಕ ತಲೆಯ ಮೇಲೆ ಕೈ ಹೊತ್ತು ಕೂತ. ಕಾಲಿಚಾ ಒಳಗೆ ಹೋಗಿ ಒಂದೊಂದೇ ಮರಿಯನ್ನು ಎತ್ತಿ ಅದರದರ ತಾಯಿಯ ಮೂತಿಗೆ ಹಿಡಿದಳು. ಸಂಜೆಯ ಹೊತ್ತಿಗೆ ಅರಚಾಟ ನಿಂತಿತ್ತು.

"ಅದು ಹ್ಯಾಗೆ ಗುರುತಿಸ್ತೀಯೇ? ಎಲ್ಲಾ ಒಂದೇ ಥರ ಇರ್ತವಲ್ಲ," ಎಂದು ಜೊತೆಯವಳೊಬ್ಬಳು ಕೇಳಿದಳು.

"ನಿಮ್ಮತ್ತೇನ ನೀನು ಹ್ಯಾಗೆ ಗುರುತಿಸ್ತೀಯ? ಬೆನ್ನ ಮೇಲೆ ಅಂಕಿ ಬರ್ದಿದ್ದೀಯಾ?"

ಈ ಮಾತು ಊರು ತುಂಬ ಓಡಾಡಿತು. ಅಂದಿನಿಂದ ಅವಳ ಕಣ್ಣಿಗೆ ಹೆಸರು ಬಂತು. ಫಾರಂ ಒಡೆದು ಹೋಳಾಯಿತು, ಗಂಡ ತೀರಿಕೊಂಡ, ಮಗಳು ಮದುವೆಯಾಗಿ ಪಕ್ಕದ ಕಣಿವೆಗೆ ಹೋದಳು. ಹೆಸರು ಮಾತ್ರ ಉಳಿಯಿತು. ಅವಳಿಗೂ ಅದರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಹಬ್ಬದ ಊಟಕ್ಕೆ ಕರೆದರೆ ಹೊಸ್ತಿಲಲ್ಲಿ ನಿಂತು ಅಂಗಳದ ದನಕರುಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ, "ನಿಮ್ಮ ಆ ಕುಂಟು ಕುರಿ ಮಾರಿಬಿಟ್ರಾ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದಳು.

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಊರಿನ ಕುರಿ ಕುದುರೆಗಳೆಲ್ಲ ಬೇಸಿಗೆಯ ಹುಲ್ಲುಗಾವಲಿನಿಂದ ಒಟ್ಟಿಗೆ ಕೆಳಗಿಳಿಯುತ್ತವೆ. ಊರ ಹೊರಗಿನ ದೊಡ್ಡಿಯಲ್ಲಿ ಅವನ್ನು ಮನೆಮನೆಗೆ ಬೇರ್ಪಡಿಸಬೇಕು. ಕಿವಿ ಕತ್ತರಿಸಿದ ಗುರುತು ಇರುತ್ತದೆ, ನಿಜ. ಆದರೆ ಒಂದು ಕುಲದವರಿಗೆಲ್ಲ ಒಂದೇ ಗುರುತು. ದಾಯಾದಿಗಳ ಜಗಳ ಕಿವಿ ನೋಡಿದರೆ ಬಗೆಹರಿಯುವುದಿಲ್ಲ. ಕುದುರೆಗಳಿಗಂತೂ ಆ ಗುರುತೂ ಇಲ್ಲ. ಆಗ ಬಿಳಿಗಡ್ಡದ ಹಿರಿಯರು ಕಾಲಿಚಾಳಿಗೆ ಹೇಳಿಕಳಿಸುತ್ತಾರೆ. ಅವಳು ಬಂದು ನೋಡಿ, ರೊಟ್ಟಿಯ ಮೇಲೆ ಕೈಯಿಟ್ಟು, "ಇದು ಇಂಥವರದ್ದು, ಸುಳ್ಳಾದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ" ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ.

ಏಳು ವರ್ಷದ ಹಿಂದೆ ಅವಳು ಹಾಗೆ ಕೈಯಿಟ್ಟದ್ದು ತೊಲೊಮುಶ್‌ನ ಅಂಗಳದಲ್ಲಿ.

ತೊಲೊಮುಶ್ ಊರಿನ ದನಗಾಹಿ. ಘಾಟಿಯ ಆಚೆಯಿಂದ ಬಂದವನು. ಊರಲ್ಲಿ ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆ ಬೇಸಿಗೆ ಅವನು ಕಾಯುತ್ತಿದ್ದ ಹಿಂಡಿನಿಂದ ಕಾಲಿಚಾಳ ಮೈದುನ ಮುಕಾಶನ ಹೆಣ್ಣುಕುದುರೆ ಕಾಣೆಯಾಯಿತು. ಕಂದುಗೆಂಪು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ತೋಳ ತಿಂದಿರಬೇಕು ಎಂದ ತೊಲೊಮುಶ್. ತಿಂಗಳು ಕಳೆಯುವುದರೊಳಗೆ ಅವನ ಅಂಗಳದಲ್ಲೇ ಒಂದು ಹೆಣ್ಣುಕುದುರೆ ಕಟ್ಟಿತ್ತು. ಕಂದುಗೆಂಪು, ಹಣೆಯಲ್ಲಿ ಬಿಳಿ ಬೊಟ್ಟು. ಅಣ್ಣ ಎಸೆನ್‌ಕುಲ್ ಘಾಟಿಯ ಆಚೆಯಿಂದ ತಂದುಕೊಟ್ಟದ್ದು ಎಂದು ಅವನು ಹೇಳಿದ. ಮುಕಾಶ್ ಊರನ್ನೆಲ್ಲ ಸೇರಿಸಿಬಿಟ್ಟ.

ಹಿರಿಯರು ಕುದುರೆಯನ್ನು ಬಿಚ್ಚಿಸಿ ಮುಕಾಶನ ಹಿಂಡಿನ ಹತ್ತಿರ ಬಿಟ್ಟರು. ತನ್ನ ಹಿಂಡಾದರೆ ತಾನೇ ಸೇರುತ್ತದೆ ಎಂಬುದು ಆ ಊರಿನ ರೂಢಿ. ಕುದುರೆ ನೇರ ಹೋಗಿ ಮುಕಾಶನ ಮುದಿ ಕುದುರೆಯ ಕುತ್ತಿಗೆಗೆ ಕುತ್ತಿಗೆ ಒರಗಿಸಿ ನಿಂತಿತು. ಎಲ್ಲರೂ ಕಾಲಿಚಾಳ ಕಡೆ ತಿರುಗಿದರು. ಅವಳು ಒಂದು ಸಲ ನೋಡಿದಳು, ರೊಟ್ಟಿಯ ಮೇಲೆ ಕೈಯಿಟ್ಟಳು, ಹೇಳಿದಳು. ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ತೊಲೊಮುಶ್ ಒಂದು ಮಾತೂ ಆಡಲಿಲ್ಲ. ಅವಳನ್ನೇ ನೋಡಿದ. ಸಿಟ್ಟಾಗಿದ್ದರೆ, ಬೈದಿದ್ದರೆ ಅವಳು ಆ ನೋಟವನ್ನು ಮರೆಯುತ್ತಿದ್ದಳೋ ಏನೋ. ಕಳ್ಳನಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ಊರು ಆಡಿಕೊಂಡಿತು. ಅವಳೂ ಅದನ್ನೇ ಅಂದುಕೊಂಡಳು. ಮರುವರ್ಷ ಅವನ ಕೈಗೆ ಒಂದು ಮೇಕೆಮರಿಯನ್ನೂ ಯಾರೂ ಒಪ್ಪಿಸಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಚ್ಕೋರ್ ಪೇಟೆಗೆ ಹೋದವನು ಅಲ್ಲಿ ಕಲ್ಲಿದ್ದಲಿನ ಅಡ್ಡೆಯಲ್ಲಿ ಲಾರಿ ತುಂಬುತ್ತಾನೆಂದು ಸುದ್ದಿ ಬಂತು. ಪೇಟೆಗೆ ಹೋದಾಗಲೆಲ್ಲ ಕಾಲಿಚಾ ಆ ಅಡ್ಡೆಯ ಬೀದಿ ಬಿಟ್ಟು ಬಳಸು ದಾರಿಯಲ್ಲಿ ನಡೆಯುತ್ತಿದ್ದಳು. ಯಾಕೆಂದು ಕೇಳಿದರೆ ಅವಳೇ ಹೇಳಲಾರಳು.

ಈ ವರ್ಷ ಕುರಿ ಇಳಿಯುವ ಹೊತ್ತಿಗೆ ರಾಜಧಾನಿಯಿಂದ ಜಿಬೆಕ್ ಎಂಬ ಹುಡುಗಿ ಬಂದಳು. ದೊಡ್ಡಿಯ ಬಾಗಿಲಿಗೆ ಕಂಬ ನೆಟ್ಟು ಕ್ಯಾಮರಾ ಕಟ್ಟಿದಳು. ಕಂಬದ ಬುಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ವಾರಗಟ್ಟಲೆ ಊರಿನ ಕುರಿ ಕುದುರೆಗಳ ಫೋಟೋಗಳನ್ನು ತೋರಿಸಿ ತೋರಿಸಿ ಯಂತ್ರಕ್ಕೆ ಪಾಠ ಮಾಡಿದ್ದಳು. ಇನ್ನು ಮೇಲೆ ಪ್ರಾಣಿಯ ಮುಖ ನೋಡಿ ಯಾರದ್ದೆಂದು ಅದೇ ಹೇಳುತ್ತದಂತೆ.

"ಕಳ್ಳತನ ನಿಲ್ಲುತ್ತೆ ಅಪಾ," ಎಂದಳು ಜಿಬೆಕ್. ತಾಯಿಯ ವಯಸ್ಸಿನವರನ್ನೆಲ್ಲ ಅವಳು ಅಪಾ ಎಂದೇ ಕರೆಯುತ್ತಿದ್ದಳು. "ಕುದುರೆ ಕದ್ದು ಯಾವ ಸಂತೆಗೆ ಹೊಡ್ಕೊಂಡು ಹೋದ್ರೂ ಸಿಕ್ಕಿಬೀಳ್ತಾರೆ."

"ಹಾಗಾದ್ರೆ ನಮ್ಮ ಜೆಂಗೆಗೆ ಇನ್ನು ಊಟ ಹಾಕೋರು ಯಾರು?" ಎಂದ ಮುಕಾಶ್. ಅಣ್ಣನ ಹೆಂಡತಿಯನ್ನು ಜೆಂಗೆ ಎಂದು ಕರೆದು ಕಾಡಿಸುವುದು ಅಲ್ಲಿ ಮೈದುನನ ಹಕ್ಕು. "ಯಂತ್ರಕ್ಕೆ ಚಹಾನೂ ಬೇಡ, ಮಾಂಸನೂ ಬೇಡ. ಬೈಯೋದೂ ಇಲ್ಲ."

"ನಿನ್ನ ಮುಖ ತೋರಿಸು ಅದಕ್ಕೆ. ಟಗರು ಅನ್ನದೆ ಹೋದ್ರೆ ಕೇಳು."

ಜನ ನಕ್ಕರು. ಪಂದ್ಯ ಅಲ್ಲಿಂದಲೇ ಶುರುವಾಯಿತು. ಕುರಿಗಳು ಒಂದೊಂದಾಗಿ ಕ್ಯಾಮರಾದ ಮುಂದೆ ಹಾದವು. ಮೊದಲ ಐವತ್ತಕ್ಕೆ ಯಂತ್ರ ಎಲ್ಲೂ ಎಡವಲಿಲ್ಲ, ಕಾಲಿಚಾಳೂ ಎಡವಲಿಲ್ಲ. ಉಣ್ಣೆ ಕತ್ತರಿಸಿದ್ದ ಕುರಿಗಳು ಬಂದಾಗ ಯಂತ್ರ ತಡವರಿಸಿತು. ಮೂತಿಗೆ ಕೆಸರು ಮೆತ್ತಿದ್ದನ್ನು ಗುರುತಿಸಲೇ ಇಲ್ಲ. ಕಾಲಿಚಾ ಮಾತ್ರ ಬೆನ್ನು ತಿರುಗಿಸಿ ನಡೆಯುವ ಕುರಿಯನ್ನೂ ನಡಿಗೆಯಿಂದಲೇ ಹೇಳಿದಳು. ಕೊನೆಗೆ ಯಂತ್ರದ ಮಾನ ಪೂರ್ತಿ ಹೋಯಿತು: ಯಾರ ಕುರಿಯೇ ಆಗಲಿ, ದೊಡ್ಡಿಯ ನೀಲಿ ಗೇಟಿನ ಮುಂದೆ ನಿಂತರೆ ಸಾಕು, ಅದು ತುರ್ದಾಕುನ್‌ನದ್ದು ಎಂದುಬಿಡುತ್ತಿತ್ತು. ಮುಲ್ಲಾನ ಮೇಕೆಯನ್ನೂ ತುರ್ದಾಕುನ್‌ಗೆ ಕೊಟ್ಟಿತು.

ಜಿಬೆಕ್ ಕೆಂಪಾಗಿ ಲ್ಯಾಪ್‌ಟಾಪ್ ಕೆದಕಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ತಪ್ಪು ನಂದೇ ಅಪಾ. ತುರ್ದಾಕುನ್ ಅಣ್ಣನ ಮನೆ ಕುರಿಗಳ ಫೋಟೋ ತೆಗೆದಾಗ ಹಿಂದೆ ಅವರ ಮನೆಯ ನೀಲಿ ಗೇಟು ಇತ್ತು. ಇದು ಕುರೀನ ಕಲ್ತಿಲ್ಲ, ಗೇಟನ್ನ ಕಲ್ತಿದೆ. ಕುರಿ ಸುತ್ತಮುತ್ತ ಇರೋದು ನೋಡೇ ಇಂಥವರದ್ದು ಅಂತ ತೀರ್ಮಾನ ಮಾಡಿಬಿಟ್ಟಿದೆ. ಮುಖ ಸರಿಯಾಗಿ ನೋಡೇ ಇಲ್ಲ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಲಿಚಾಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಆ ನಗು ನೆನಪಾದರೆ ಅವಳ ಮುಖ ಇವತ್ತಿಗೂ ಬಿಸಿಯಾಗುತ್ತದೆ.

ಮುಕಾಶನಿಗೆ ಯಂತ್ರವನ್ನು ಇನ್ನಷ್ಟು ಗೋಳು ಹೊಯ್ದುಕೊಳ್ಳುವ ಆಸೆಯಾಯಿತು. ಮನೆಗೆ ಹೋಗಿ ಗೋಡೆಯ ಮೇಲಿದ್ದ ದೊಡ್ಡ ಫೋಟೋ ಇಳಿಸಿಕೊಂಡು ಬಂದ. ಕುದುರೆ ಕಾಣೆಯಾಗುವ ಹಿಂದಿನ ವರ್ಷ ತೆಗೆಸಿದ್ದು. ಕಡಿವಾಣ ಹಿಡಿದು ಮುಕಾಶ್, ಪಕ್ಕದಲ್ಲಿ ಕುದುರೆಯ ಮುಖ. ಜೊತೆಗೆ ಕುದುರೆಯನ್ನೂ ಎಳೆದುಕೊಂಡು ಬಂದ.

"ಕಳ್ಳತನ ಆಗಿ ವಾಪಸ್ ಸಿಕ್ಕಿದ ಕುದುರೆ ಇದು. ಫೋಟೋ ನೋಡು, ಕುದುರೆ ನೋಡು. ಹೇಳಲಿ ನೋಡೋಣ."

ಜಿಬೆಕ್ ಫೋಟೋವನ್ನು ಕ್ಯಾಮರಾಕ್ಕೆ ಹಿಡಿದಳು. ಕುದುರೆಯನ್ನು ಬಯಲಲ್ಲಿ, ಗೇಟಿನಿಂದ ದೂರ ನಿಲ್ಲಿಸಿದಳು. ಪರದೆಯನ್ನು ಎರಡು ಸಲ ಓದಿದಳು.

"ಬೇರೆ ಬೇರೆ ಕುದುರೆ ಅಂತಿದೆ," ಎಂದಳು ಮೆಲ್ಲಗೆ.

"ತುರ್ದಾಕುನ್ ಕುದುರೆ ಅನ್ನಲಿಲ್ಲವಲ್ಲ, ಪುಣ್ಯ!" ಎಂದು ಯಾರೋ ಕೂಗಿದರು. ದೊಡ್ಡಿಗೆ ದೊಡ್ಡಿಯೇ ನಗೆಯಲ್ಲಿ ಮುಳುಗಿತು.

ಕಾಲಿಚಾ ಫೋಟೋ ಕೈಗೆ ತೆಗೆದುಕೊಂಡಳು. ನಗುತ್ತಲೇ ತೆಗೆದುಕೊಂಡದ್ದು. ಬಿಳಿ ಬೊಟ್ಟಿನ ನಡುವೆ ಕೂದಲು ಒಂದು ಸುಳಿಯಾಗಿ ಸುತ್ತಿತ್ತು. ಕಣ್ಣೆತ್ತಿ ಎದುರು ನಿಂತ ಕುದುರೆಯನ್ನು ನೋಡಿದಳು. ಹತ್ತಿರ ಹೋಗಿ ಮುಂಗೂದಲು ಸರಿಸಿ ಹಣೆಯ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಸುಳಿ. ಅದರ ಕೆಳಗೆ ಓರೆಯಾಗಿ ಇನ್ನೊಂದು. ವಯಸ್ಸಿಗೆ ಬಣ್ಣ ಮಾಸುತ್ತದೆ, ಬೊಟ್ಟಿನ ಅಂಚು ಕದಲುತ್ತದೆ. ಸುಳಿ ಮಾತ್ರ ಹುಟ್ಟಿದಾಗ ಇದ್ದಷ್ಟೇ ಇರುತ್ತದೆ. ಇದನ್ನು ಊರಿಗೆ ಹೇಳಿಕೊಟ್ಟವಳೇ ಅವಳು.

ಮೈದುನನ ಅಂಗಳದಲ್ಲಿ ಏಳು ವರ್ಷ ದಿನಾ ಕಂಡ ಕುದುರೆ. ಅದರ ಹಾಲು ಹುಳಿಸಿ ಮಾಡಿದ ಕುಮಿಸ್ ಎಷ್ಟು ಸಲ ಕುಡಿದಿದ್ದಳೋ. ಇದು ಮುಕಾಶನದ್ದು ಎಂದು ಒಮ್ಮೆ ತಾನೇ ಹೇಳಿಬಿಟ್ಟ ಮೇಲೆ ಹಣೆ ಯಾಕೆ ನೋಡಬೇಕು? ಆವತ್ತಾದರೂ ಏನು ನೋಡಿದ್ದಳು? ಹಿಂದುಮುಂದಿಲ್ಲದ ಒಬ್ಬ ದನಗಾಹಿಯ ಅಂಗಳ ನೋಡಿದ್ದಳು, ಮೈದುನನ ಸಿಟ್ಟು ನೋಡಿದ್ದಳು, ಒಂಟಿ ಪ್ರಾಣಿಯೊಂದು ಜೊತೆ ಸಿಕ್ಕಿತೆಂದು ಓಡಿದ್ದನ್ನು ನೋಡಿದ್ದಳು. ಯಂತ್ರ ಗೇಟು ನೋಡಿದ ಹಾಗೆ. ಕುದುರೆಯ ಮುಖ ನೋಡಿರಲಿಲ್ಲ.

"ಅಪಾ, ಒಂದೇನಾ, ಬೇರೆನಾ?" ಜಿಬೆಕ್ ಕೇಳುತ್ತಿದ್ದಳು. "ನೀವು ಏನು ಹೇಳ್ತೀರೋ ಅದನ್ನೇ ಸರಿ ಅಂತ ಇದಕ್ಕೆ ಕಲಿಸ್ತೀನಿ."

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ನಿಜ ಗೊತ್ತಿದ್ದದ್ದು ಅವಳಿಗೆ ಮತ್ತು ಆ ಡಬ್ಬಿಗೆ. ಡಬ್ಬಿಯ ಮಾತಿಗೆ ಊರು ನಕ್ಕಾಗಿತ್ತು.

"ಒಂದೇ," ಎಂದಳು ಕಾಲಿಚಾ.

ಜಿಬೆಕ್ ಎರಡು ಸಲ ಬೆರಳು ಒತ್ತಿದಳು. "ಸರಿ, ತಿದ್ದಿದೆ. ಇನ್ನು ಮೇಲೆ ತಪ್ಪೋದಿಲ್ಲ."

ಮನೆಗೆ ಬಂದು ಅವಳು ಚಹಾಕ್ಕೆ ನೀರಿಟ್ಟಳು. ಕುದಿದು ಕುದಿದು ಇಂಗಿದ್ದು ತಿಳಿಯಲಿಲ್ಲ. ಮೊದಲನೆಯದು ತಪ್ಪು, ಯಾರಿಗೂ ಆಗಬಹುದು. ಇವತ್ತಿನದಕ್ಕೆ ಏನು ಹೆಸರು? ಕಣ್ಣಾರೆ ಕಂಡು ಕಾಣಲಿಲ್ಲ ಎಂದಿದ್ದಳು. ಆ ಹುಡುಗಿಯ ಯಂತ್ರ ಗೇಟನ್ನು ನಂಬಿ ಮೋಸ ಹೋಗಿತ್ತು, ಪಾಪ, ಅದಕ್ಕೆ ಮೈದುನನಿಲ್ಲ, ಊರಿಲ್ಲ, ಉಳಿಸಿಕೊಳ್ಳಬೇಕಾದ ಹೆಸರಿಲ್ಲ. ತಪ್ಪು ಎಂದರೆ ತಿದ್ದಿಕೊಳ್ಳುತ್ತದೆ. ತನಗಿಂತ ಸರಿಯಾಗಿ ಹೇಳಿದ ಒಂದೇ ಒಂದು ಸಲ ಅದರ ಬಾಯಿ ಹಿಡಿದು ತನ್ನ ಸುಳ್ಳು ಕಲಿಸಿದ್ದಳು. ನಾಳೆ ಯಾವ ಬಡಪಾಯಿಯ ಕುದುರೆಯ ಹಣೆ ನೋಡಿ ಅದು ಏನು ಹೇಳುತ್ತದೋ! ಅದಕ್ಕೂ ಅವಳೇ ಹೊಣೆ. ತನ್ನ ಮೇಲೆಯೇ ಅವಳಿಗೆ ಅಸಹ್ಯ ಹುಟ್ಟಿತು.

ಬೆಳಿಗ್ಗೆ ದೊಡ್ಡಿಯಲ್ಲಿ ಬೇರ್ಪಡಿಸುವ ಕೆಲಸ ಮುಂದುವರಿದಿತ್ತು. ಹಿರಿಯರು ಹಾಸಿನ ಮೇಲೆ ಕೂತಿದ್ದರು. ಕಾಲಿಚಾ ನೆಟ್ಟಗೆ ಜಿಬೆಕ್ ಹತ್ತಿರ ಹೋದಳು.

"ನಿನ್ನೆ ಹೇಳಿದ್ದನ್ನ ಅಳಿಸು ಮಗಳೇ. ನಿನ್ನ ಯಂತ್ರ ಹೇಳಿದ್ದೇ ಸರಿ. ನಾನು ಹೇಳಿದ್ದು ಸುಳ್ಳು."

"ಇರಲಿ ಅಪಾ, ಗೊತ್ತಾಗದೆ..."

"ಗೊತ್ತಿದ್ದೇ ಹೇಳಿದ್ದು."

ಹುಡುಗಿ ಲ್ಯಾಪ್‌ಟಾಪ್ ತೆರೆದು ನಿನ್ನೆಯದನ್ನು ಅಳಿಸಿದಳು. ಕಾಲಿಚಾ ಹಿರಿಯರ ಕಡೆ ತಿರುಗಿದಳು. ಎಲ್ಲರಿಗೂ ಕೇಳುವಷ್ಟು ದನಿ ಎತ್ತಿದಳು. ಫೋಟೋದ ಕುದುರೆಗೆ ಒಂದು ಸುಳಿ, ಕಟ್ಟಿರುವ ಕುದುರೆಗೆ ಎರಡು, ಬೇಕಾದವರು ಮುಟ್ಟಿ ನೋಡಿ ಎಂದಳು. ತೊಲೊಮುಶ್ ಕದ್ದಿರಲಿಲ್ಲ, ರೊಟ್ಟಿ ಮುಟ್ಟಿ ಸುಳ್ಳು ಹೇಳಿದವಳು ನಾನು ಎಂದಳು.

ಮುಕಾಶ್ ಕೈಯಲ್ಲಿದ್ದ ಹಗ್ಗ ಬಿಸಾಕಿದ. "ಏನ್ ಜೆಂಗೆ, ಏಳು ವರ್ಷ ಆದ್ಮೇಲೆ ಕಣ್ಣು ಬಂತಾ? ಆವತ್ತು ಹಣೆ ಇರ್ಲಿಲ್ವಾ ಕುದುರೆಗೆ?"

"ಇತ್ತು ಕಣೋ. ನಾನು ನೋಡ್ಲಿಲ್ಲ."

"ಊರ ಮುಂದೆ ನನ್ನ ಮಾನ ತೆಗೀತಾ ಇದೀಯ!"

"ನಿಂದು ತೆಗೀತಿಲ್ಲ. ನನ್ನದು ನಾನೇ ತೆಗೀತಿದೀನಿ. ನಿನ್ನದು ಬೇಕಾದ್ರೆ ಆ ಕುದುರೆ ವಾಪಸ್ ಕೊಟ್ಟು ಉಳಿಸ್ಕೋ."

ಬಿಳಿಗಡ್ಡದವರಲ್ಲಿ ಹಿರಿಯನಾದವನು ಎದ್ದು ಹೋಗಿ ಕುದುರೆಯ ಹಣೆಯ ಮೇಲೆ ಬೆರಳಾಡಿಸಿದ. ಹಿಂದಿರುಗಿ ಬಂದು ಕೂತವನು ಗಡ್ಡ ನೀವಿಕೊಂಡ. ಆವತ್ತು ನಾವೂ ಹಣೆ ನೋಡಲಿಲ್ಲವಲ್ಲ, ನೀನಿದ್ದೀಯ ಅಂತ ಸುಮ್ಮನಿದ್ದುಬಿಟ್ಟೆವಲ್ಲ ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿದ. ಕುದುರೆಯನ್ನು ಯಜಮಾನನಿಗೆ ತಲುಪಿಸಬೇಕೆಂದು ತೀರ್ಮಾನವಾಯಿತು. ಅದಾದ ಮೇಲೆ ಒಂದು ಕುರಿಗೆ ಜಗಳ ಬಿತ್ತು. ಯಾರೂ ಕಾಲಿಚಾಳನ್ನು ಕರೆಯಲಿಲ್ಲ. ಜಿಬೆಕ್‌ಳನ್ನು ಕರೆದರು.

ಆವತ್ತೇ ಕಾಲಿಚಾ ವ್ಯಾನು ಹತ್ತಿ ಕೊಚ್ಕೋರ್‌ಗೆ ಹೋದಳು. ಕುದುರೆ ಬರುವ ಮೊದಲು ತಾನು ಹೋಗಬೇಕು ಎನ್ನಿಸಿತ್ತು. ಏಳು ವರ್ಷ ಬಳಸಿಕೊಂಡು ಹೋದ ಬೀದಿಯಲ್ಲಿ ನೇರ ನಡೆದಳು. ಅಡ್ಡೆಯಲ್ಲಿ ಐದಾರು ಜನ ಕಲ್ಲಿದ್ದಲು ಎತ್ತಿ ಲಾರಿಗೆ ಹಾಕುತ್ತಿದ್ದರು. ಎಲ್ಲರ ಮುಖವೂ ಕಪ್ಪು, ಎಲ್ಲರ ತಲೆಗೂ ಬಟ್ಟೆ. ದೂರದಿಂದಲೇ ಅವಳು ಅವನನ್ನು ಗುರುತಿಸಿದಳು. ಅವನೂ ಸಲಿಕೆ ನಿಲ್ಲಿಸಿದ.

"ಬನ್ನಿ ಎಜೆ," ಎಂದ ತೊಲೊಮುಶ್. ಅಕ್ಕ ಎಂದು ಕರೆಯುವ ರೂಢಿಯನ್ನು ಅವನು ಬಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ನಿಂತಲ್ಲೇ ಎಲ್ಲ ಹೇಳಿದಳು. ಸುಳಿಯ ವಿಷಯ, ಯಂತ್ರದ ವಿಷಯ, ಗೊತ್ತಿದ್ದೂ ಒಂದು ದಿನ ಬಾಯಿ ಮುಚ್ಚಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಕುದುರೆ ನಾಳೆ ಬರುತ್ತದೆ ಎಂದಳು. ನಿನ್ನ ಹೊಟ್ಟೆ ತಣ್ಣಗಾಗುವಷ್ಟು ಬೈಯಪ್ಪ, ಬೇಕಾದರೆ ಹೊಡಿ ಎಂದಳು.

ಅವನು ಬೈಯಲಿಲ್ಲ. ಸಲಿಕೆಯ ಹಿಡಿಯ ಮೇಲೆ ಎರಡೂ ಕೈ ಊರಿಕೊಂಡು ನೆಲ ನೋಡಿದ.

"ಆವತ್ತು ನಾನು ಯಾಕೆ ಸುಮ್ನಿದ್ದೆ ಗೊತ್ತಾ ಎಜೆ?"

"ಬಡವನ ಮಾತು ಯಾರು ಕೇಳ್ತಾರೆ ಅಂತ."

"ಅಲ್ಲ. ನಾನೂ ನಂಬಿಬಿಟ್ಟೆ." ಅವನ ದನಿ ಸಣ್ಣಗಾಯಿತು. "ಕಾಲಿಚಾ ಎಜೆ ಕಣ್ಣು ತಪ್ಪೋದುಂಟಾ ಅಂದ್ಕೊಂಡೆ. ಹಾಗಾದ್ರೆ ನಮ್ಮಣ್ಣನೇ ಕದ್ದಿರ್ಬೇಕು, ಕದ್ದ ಮಾಲು ತಂದು ತಮ್ಮನ ಅಂಗಳದಲ್ಲಿ ಕಟ್ಟಿದ್ದಾನೆ ಅಂದ್ಕೊಂಡೆ. ನೀವು ರೊಟ್ಟಿ ಮುಟ್ಟಿದ್ರಲ್ಲ."

"ನಿನ್ನಣ್ಣ ಏನಂದ?" ಎಂದಳು ಕಾಲಿಚಾ.

"ಮೂರು ಸಲ ಬಂದಿದ್ದ ಇಲ್ಲಿಗೆ. ಬಾಗಿಲು ತೆಗೀಲಿಲ್ಲ ನಾನು. ಆಚೆ ನಿಂತು, ಆಣೆ ಮಾಡ್ತೀನಿ ತಮ್ಮ, ನಾನೇ ಕೈಯಾರೆ ಸಾಕಿದ ಕುದುರೆ ಕಣೋ ಅಂತಿದ್ದ. ಕಳ್ಳ ಅಂತ ಕೂಗಿ ಕಳಿಸಿದೆ." ಸಲಿಕೆಯನ್ನು ನೆಲಕ್ಕೆ ಒತ್ತಿದ. "ಹೋದ ಚಳಿಗಾಲ ತೀರ್ಕೊಂಡ. ಸುದ್ದಿ ಬಂತು. ಒಂದು ಹಿಡಿ ಮಣ್ಣು ಹಾಕೋಕೂ ಹೋಗ್ಲಿಲ್ಲ."

ಲಾರಿಯ ಡ್ರೈವರ್ ಹಾರನ್ ಒತ್ತಿದ. ಯಾರೂ ತಿರುಗಿ ನೋಡಲಿಲ್ಲ. ಕಾಲಿಚಾ ಕಲ್ಲಿದ್ದಲಿನ ರಾಶಿಗೆ ಕೈ ಊರಿದಳು. ಒಬ್ಬನ ಮಾನ ಕಳೆದೆ, ಹೋಗಿ ಹಿಂದಿರುಗಿಸಿ ಬರುತ್ತೇನೆ ಎಂದು ಹೊರಟು ಬಂದಿದ್ದಳು. ಸತ್ತವನು ಅವಳ ಎಣಿಕೆಯಲ್ಲೇ ಇರಲಿಲ್ಲ.

"ಎಲ್ಲಿದೆ ಗೋರಿ? ನಾನೂ ಬರ್ತೀನಿ. ಅವನ ಮುಂದೆ ನಿಂತು ಹೇಳ್ತೀನಿ, ತಪ್ಪು ನಂದು ಅಂತ."

ತೊಲೊಮುಶ್ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿದಲ್ಲೆಲ್ಲ ಮಸಿ ಇನ್ನಷ್ಟು ಹರಡಿತು.

"ಹೇಳಿ ಎಜೆ. ಆದ್ರೆ ನೀವು ನೋಡದೆ ಹೋಗಿದ್ದು ಕುದುರೆ ಮುಖಾನ. ನಾನು ನಮ್ಮಣ್ಣನ ಮುಖ ನೋಡಿಯೂ ಕಳ್ಳ ಅಂದೆ. ಅದನ್ನ ಅವನಿಗೆ ಯಾರು ಹೇಳೋದು?"

ಅವನು ಲಾರಿಯ ಕಡೆ ನಡೆದ. ಕಾಲಿಚಾ ಅಲ್ಲೇ ನಿಂತಿದ್ದಳು. ಹೋಗಿ ಎಂದು ಅವನು ಹೇಳಿರಲಿಲ್ಲ, ಇರಿ ಎಂದೂ ಹೇಳಿರಲಿಲ್ಲ.